ಉತ್ತರದ ಸರೋವರ ತೀರದಲ್ಲಿ ನಿವೃತ್ತಿಗೊಂದು ಊರು: ಆರಿಸಿಕೊಳ್ಳುವ ಬಗೆ

ಮಿಚಿಗನ್ನಿನ ಟ್ರಾವರ್ಸ್ ಸಿಟಿಯಲ್ಲೋ ಮಿನ್ನೆಸೋಟದ ಡುಲೂತ್‌ನಲ್ಲೋ ಜುಲೈ ತಿಂಗಳ ಒಂದು ವಾರವನ್ನು ಕಳೆದವರಿಗೆ, ರಾತ್ರಿ ಒಂಬತ್ತಾದರೂ ಆರದ ಬೆಳಕು, ಕಣ್ಣು ಹಾಯುವಷ್ಟು ದೂರ ಕಡಲಿನಂತೆ ಹರಡಿಕೊಂಡ ಸಿಹಿನೀರು, ಉಪ್ಪಿನ ಅಂಟಿಲ್ಲದ ತಂಗಾಳಿ ಇವೆಲ್ಲ ಸೇರಿ, ಕೆಲಸ ಬಿಟ್ಟ ಮೇಲೆ ಇಲ್ಲಿಯೇ ನೆಲೆಸಿಬಿಡೋಣ ಎಂಬ ಆಸೆ ಹುಟ್ಟುವುದು ಸಹಜ. ಆ ಆಸೆ ತಪ್ಪಲ್ಲ. ಅಮೆರಿಕದ ಮಹಾಸರೋವರಗಳ ದಡದಲ್ಲಿ ನೆಮ್ಮದಿಯಾಗಿ ಮುಪ್ಪನ್ನು ಕಳೆಯುತ್ತಿರುವವರು ಬಹಳ ಮಂದಿ ಇದ್ದಾರೆ. ಆದರೆ ಜುಲೈ ತಿಂಗಳಿನಲ್ಲಿ, ಅರವತ್ತೆರಡರ ಗಟ್ಟಿ ಮೈಯಲ್ಲಿ ನಿಂತು ಊರನ್ನು ಆರಿಸುವವರು, ಆ ಊರಿನಲ್ಲಿ ಎಂಬತ್ತೆರಡರ ವಯಸ್ಸಿನಲ್ಲಿ ಮಾರ್ಚ್ ತಿಂಗಳನ್ನು ಕಳೆಯಬೇಕಾದ ತಮ್ಮನ್ನೇ ಮರೆತಿರುತ್ತಾರೆ. ಈ ಬರಹದಲ್ಲಿ ಹೇಳಿರುವುದೆಲ್ಲ ಆ ಎಂಬತ್ತೆರಡರ ವ್ಯಕ್ತಿಯ ಪರವಾಗಿ ಹೇಳಿದ್ದು.

ನಕ್ಷೆಯನ್ನು ಹರಡಿಕೊಂಡು ಮೊದಲು ಗುರುತು ಹಾಕಬೇಕಾದದ್ದು ಸರೋವರವನ್ನಲ್ಲ, ಆಸ್ಪತ್ರೆಯನ್ನು. ಪಾರ್ಶ್ವವಾಯು ಬಡಿದಾಗ ರಕ್ತದ ಹೆಪ್ಪನ್ನು ಕರಗಿಸುವ ಔಷಧಿಯನ್ನು ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಹೃದಯಾಘಾತದಲ್ಲಿ ಮುಚ್ಚಿಕೊಂಡ ರಕ್ತನಾಳವನ್ನು ತೆರೆಯುವ ವಿಷಯದಲ್ಲಂತೂ ಲೆಕ್ಕ ನಿಮಿಷಗಳಲ್ಲಿ ನಡೆಯುತ್ತದೆ. ಉತ್ತರದ ಅನೇಕ ಚಿಕ್ಕ ಊರುಗಳಲ್ಲಿ ಇರುವುದು ‘ಕ್ರಿಟಿಕಲ್ ಆಕ್ಸೆಸ್’ ವರ್ಗದ ಆಸ್ಪತ್ರೆ. ಈ ಹೆಸರನ್ನು ಕೇಳಿದ ಕೂಡಲೇ ಗಂಭೀರ ಕಾಯಿಲೆಗಳಿಗೆಂದೇ ಸಜ್ಜಾದ ದೊಡ್ಡ ಆಸ್ಪತ್ರೆಯಿರಬೇಕು ಎಂದು ಭಾವಿಸುವವರಿದ್ದಾರೆ, ವಾಸ್ತವ ಅದಕ್ಕೆ ವಿರುದ್ಧ: 1997ರ ಕಾನೂನಿನಡಿ ದೂರದ ಹಳ್ಳಿಗಾಡಿನಲ್ಲಿ ಆಸ್ಪತ್ರೆಗಳು ಮುಚ್ಚಿಹೋಗದಿರಲೆಂದು ರೂಪಿಸಿದ ವರ್ಗವಿದು, ಹಾಸಿಗೆಗಳ ಸಂಖ್ಯೆ 25ನ್ನು ಮೀರುವಂತಿಲ್ಲ. ಮೂಳೆ ಮುರಿದರೆ, ಜ್ವರ ಬಂದರೆ ಅವು ಆಸರೆಯೇ ಹೌದು. ಹೃದಯದ ಶಸ್ತ್ರಚಿಕಿತ್ಸೆ ಬೇಕಾದರೆ ಅಲ್ಲಿಂದ ಮುಂದಕ್ಕೆ ಕಳುಹಿಸುತ್ತಾರೆ. ಮಿನ್ನೆಸೋಟದ ಗ್ರಾಂಡ್ ಮರೇ ಎಂಬ ಚೆಲುವಾದ ಬಂದರಿನ ಊರಿನಿಂದ ಹಾಗೆ ಮುಂದಕ್ಕೆ ಹೋಗುವುದೆಂದರೆ 61ನೇ ಹೆದ್ದಾರಿಯಲ್ಲಿ ಡುಲೂತ್‌ವರೆಗೆ ಸುಮಾರು 110 ಮೈಲಿ, ಹಿಮ ಬೀಳುವ ರಾತ್ರಿಯಲ್ಲಿ ಹೆಲಿಕಾಪ್ಟರ್ ಹಾರದಿದ್ದರೆ ಅಷ್ಟೂ ದೂರ ರಸ್ತೆಯ ಮೇಲೆಯೇ. ವಿಸ್ಕಾನ್ಸಿನ್ನಿನ ಬೇಫೀಲ್ಡ್‌ನಲ್ಲಿ ವಾಸಿಸುವವರು ತೀರಾ ಹತ್ತಿರದ ಆಸ್ಪತ್ರೆಗೆಂದರೂ ಆ್ಯಶ್‌ಲೆಂಡ್‌ವರೆಗೆ 20 ಮೈಲಿಗೂ ಮಿಕ್ಕಿ ಹೋಗಬೇಕು.

ಆದ್ದರಿಂದ ಹೃದ್ರೋಗ, ನರರೋಗ, ಕ್ಯಾನ್ಸರ್ ಈ ಮೂರಕ್ಕೂ ತಜ್ಞರಿರುವ ಪ್ರಾದೇಶಿಕ ಆಸ್ಪತ್ರೆಯ ಸುತ್ತ, ಚಳಿಗಾಲದ ರಸ್ತೆಯಲ್ಲಿ ನಲವತ್ತು ನಿಮಿಷದಲ್ಲಿ ತಲುಪಬಹುದಾದ ವೃತ್ತವೊಂದನ್ನು ಎಳೆದುಕೊಳ್ಳಿ. ಟ್ರಾವರ್ಸ್ ಸಿಟಿಯ ಮನ್ಸನ್, ಪೆಟೊಸ್ಕಿಯ ಮೆಕ್‌ಲಾರೆನ್, ಮಿಚಿಗನ್ನಿನದೇ ಆದ ಮಾರ್ಕ್ವೆಟ್ ನಗರದ ಪ್ರಾದೇಶಿಕ ಆಸ್ಪತ್ರೆ, ಡುಲೂತ್‌ನ ಎರಡು ದೊಡ್ಡ ಆಸ್ಪತ್ರೆಗಳು, ಇವುಗಳ ಸುತ್ತ ಎಳೆದ ವೃತ್ತಗಳ ಒಳಗೆ ಬೀಳುವ ಊರುಗಳಿಂದಲೇ ಹುಡುಕಾಟವನ್ನು ಆರಂಭಿಸುವುದು ಒಳ್ಳೆಯದು. ಆಮೇಲೆ ಎರಡು ದೂರವಾಣಿ ಕರೆಗಳನ್ನು ಮಾಡಿ. ಒಂದು, ಅಲ್ಲಿನ ಕುಟುಂಬ ವೈದ್ಯರ ಕ್ಲಿನಿಕ್‌ಗೆ: ಮೆಡಿಕೇರ್, ಅಂದರೆ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ, ಇರುವ ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತೀರಾ, ಮೊದಲ ಭೇಟಿಗೆ ಎಷ್ಟು ತಿಂಗಳು ಕಾಯಬೇಕು ಎಂದು. ಕಟ್ಟಡ ಇದ್ದ ಮಾತ್ರಕ್ಕೆ ವೈದ್ಯರು ಸಿಗುತ್ತಾರೆಂದಲ್ಲ. ಇನ್ನೊಂದು, ಸ್ಥಳೀಯ ಆಡಳಿತವಾದ ಟೌನ್‌ಶಿಪ್ ಕಚೇರಿಗೆ: ಆಂಬುಲೆನ್ಸ್ ಎಲ್ಲಿ ನಿಂತಿರುತ್ತದೆ, ಅದನ್ನು ನಡೆಸುವವರು ಸಂಬಳದ ಸಿಬ್ಬಂದಿಯೋ ಮನೆಯಿಂದ ಎದ್ದು ಬರಬೇಕಾದ ಸ್ವಯಂಸೇವಕರೋ ಎಂದು.

ವಿಮೆಯ ವಿಷಯವನ್ನು ಮನೆಯ ಬೆಲೆ ಕೇಳುವ ಮೊದಲೇ ಬಗೆಹರಿಸಿಕೊಳ್ಳಬೇಕು. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳು ಕೌಂಟಿಯ, ಅಂದರೆ ಜಿಲ್ಲೆಯ, ಲೆಕ್ಕದಲ್ಲಿ ನಡೆಯುತ್ತವೆ. ಇಂದಿನ ಊರಿನಲ್ಲಿ ಚೆನ್ನಾಗಿ ನಡೆಯುತ್ತಿರುವ ಯೋಜನೆ ಹೊಸ ಕೌಂಟಿಯಲ್ಲಿ ಇಲ್ಲದಿರಬಹುದು, ಇದ್ದರೂ ಅದರ ವೈದ್ಯರ ಪಟ್ಟಿ ತೀರಾ ಚಿಕ್ಕದಿರಬಹುದು. ಸರ್ಕಾರವೇ ನಡೆಸುವ ಮೂಲ ಮೆಡಿಕೇರ್ ಜೊತೆಗೆ, ಅದು ಭರಿಸದ ಖರ್ಚಿಗಾಗಿ ಮೆಡಿಗ್ಯಾಪ್ ಎಂಬ ಖಾಸಗಿ ಪೂರಕ ವಿಮೆ ಇಟ್ಟುಕೊಂಡವರಿಗೆ ಮೆಡಿಕೇರ್ ಒಪ್ಪುವ ಯಾವ ಆಸ್ಪತ್ರೆಯಾದರೂ ಆದೀತು, ಚಿಕಿತ್ಸೆಗಾಗಿ ರಾಜ್ಯದ ಗಡಿ ದಾಟಬೇಕಾಗಿ ಬರುವ ಈ ಪ್ರದೇಶದಲ್ಲಿ ಅದೊಂದು ದೊಡ್ಡ ಅನುಕೂಲ. ಆದರೆ 65 ತುಂಬಿ, ಮೆಡಿಕೇರ್‌ನಲ್ಲಿ ವೈದ್ಯರ ಖರ್ಚು ಭರಿಸುವ ಭಾಗವಾದ ಪಾರ್ಟ್ ಬಿ ಆರಂಭವಾದ ದಿನದಿಂದ ಆರು ತಿಂಗಳ ಒಳಗೆ ಮೆಡಿಗ್ಯಾಪ್ ಕೊಂಡರೆ ಮಾತ್ರ ವಿಮಾ ಕಂಪನಿ ನಿಮ್ಮ ಹಳೆಯ ಕಾಯಿಲೆಗಳನ್ನು ಮುಂದಿಟ್ಟು ನಿರಾಕರಿಸುವಂತಿಲ್ಲ. ಆ ಅವಧಿ ಕಳೆದ ಮೇಲೆ, ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಅಂಥ ಭರವಸೆಯಿಲ್ಲ. ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಮೆಡಿಗ್ಯಾಪ್ ಯೋಜನೆಗಳಿಗೆ ಇತರ ಕಡೆಯ ಚೌಕಟ್ಟಿಲ್ಲ, ಆ ರಾಜ್ಯಗಳದೇ ಬೇರೆ ಚೌಕಟ್ಟಿದೆ ಎಂಬುದನ್ನೂ ನೆನಪಿನಲ್ಲಿಡಿ.

ಇನ್ನು ಹಿಮ. ‘ಉತ್ತರದಲ್ಲಿ ಹಿಮ ಹೆಚ್ಚು’ ಎಂಬ ಒಂದೇ ಮಾತಿನಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಒಂದೇ ಸರೋವರದ ಎರಡು ದಡಗಳ ಅನುಭವ ಬೇರೆ ಬೇರೆ. ಚಳಿಗಾಲದಲ್ಲಿ ಪಶ್ಚಿಮದಿಂದಲೂ ವಾಯವ್ಯದಿಂದಲೂ ಬೀಸುವ ಒಣ ಶೀತಗಾಳಿ, ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಹಾದುಬರುವಾಗ ಬಿಸುಪನ್ನೂ ತೇವವನ್ನೂ ಹೀರಿಕೊಂಡು, ಎದುರಿನ ದಡದಲ್ಲಿ ನೆಲ ಏರುತ್ತಿದ್ದಂತೆ ಹೊತ್ತುತಂದದ್ದನ್ನೆಲ್ಲ ಹಿಮವಾಗಿ ಸುರಿಯುತ್ತದೆ. ಹಾಗಾಗಿ ಸುಪೀರಿಯರ್ ಸರೋವರದ ದಕ್ಷಿಣ ದಡ ಮತ್ತು ಮಿಚಿಗನ್ ಸರೋವರದ ಪೂರ್ವ ದಡ ಹೆಚ್ಚು ಹಿಮ ಕಾಣುತ್ತವೆ. ಡುಲೂತ್‌ನ ವಾರ್ಷಿಕ ಸರಾಸರಿ ಸುಮಾರು 90 ಅಂಗುಲ. ಅಲ್ಲಿನ ದಾಖಲೆಯಾದ 2022–23ರ ಚಳಿಗಾಲದಲ್ಲಿ 140 ಅಂಗುಲ ಬಿತ್ತು. ಅದೇ ಸರೋವರದ ದಕ್ಷಿಣಕ್ಕೆ ಚಾಚಿಕೊಂಡಿರುವ ಕೀವೀನಾ ಪರ್ಯಾಯದ್ವೀಪದಲ್ಲಿ 200 ಅಂಗುಲ ಮೀರುವುದು ಸಾಮಾನ್ಯ ಸಂಗತಿ, 1978–79ರಲ್ಲಿ 390 ಅಂಗುಲ ಬಿದ್ದ ದಾಖಲೆಯನ್ನು ಅಲ್ಲಿ ಹೆದ್ದಾರಿಯ ಪಕ್ಕದಲ್ಲಿ ಎತ್ತರದ ಅಳತೆಗೋಲಿನ ಮೇಲೆ ಬರೆದು ನಿಲ್ಲಿಸಿದ್ದಾರೆ. ಒಂದೇ ಊರಿನ ಆಸುಪಾಸಿನಲ್ಲೂ ವ್ಯತ್ಯಾಸವಿದೆ: ಮಾರ್ಕ್ವೆಟ್‌ನಿಂದ ಕೆಲವೇ ಮೈಲಿ ಒಳನಾಡಿಗೆ, ಎತ್ತರದ ನಿಗಾನಿಯಲ್ಲಿರುವ ಹವಾಮಾನ ಕಚೇರಿ 200 ಅಂಗುಲದ ಆಸುಪಾಸಿನ ಸರಾಸರಿಯನ್ನು ದಾಖಲಿಸುತ್ತದೆ, ಕೆಳಗೆ ನೀರಿನ ಅಂಚಿನ ಬೀದಿಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ.

ಅಂಗುಲಗಳ ಲೆಕ್ಕಕ್ಕಿಂತ ಮುಖ್ಯವಾದದ್ದು ಆ ಹಿಮವನ್ನು ಎತ್ತುವವರು ಯಾರು ಎಂಬ ಪ್ರಶ್ನೆ. ರಾತ್ರಿ ಬಿದ್ದ ಎಂಟು ಅಂಗುಲ ಹಗುರ ಹಿಮವನ್ನು ಬೆಳಗ್ಗೆ ತಳ್ಳಿ, ಒಳಗೆ ಬಂದು ಕೈಗವಸು ಒಣಗಲು ಹಾಕುವ ಹೊತ್ತಿಗೆ ನಗರದ ಪ್ಲೋ ಲಾರಿ ಬೀದಿಯನ್ನು ಬಳಿದುಕೊಂಡು ಹೋಗುತ್ತದೆ. ಅದರ ಅಲಗು ಪಕ್ಕಕ್ಕೆ ಸರಿಸಿದ ಹಿಮ ನಿಮ್ಮ ಡ್ರೈವ್‌ವೇಯ ಬಾಯಿಗೆ ಅಡ್ಡಲಾಗಿ ಮೊಣಕಾಲೆತ್ತರದ ದಿಂಡಾಗಿ ಕೂರುತ್ತದೆ. ಇದು ಹತ್ತಿಯಂಥ ಹಿಮವಲ್ಲ. ರಸ್ತೆಯ ಉಪ್ಪು, ಮರಳು, ಅರೆ ಕರಗಿದ ನೀರು ಸೇರಿ ಗಟ್ಟಿಯಾದ, ಇಟ್ಟಿಗೆಯಷ್ಟು ಭಾರದ ಗಡ್ಡೆಗಳು. ಮಧ್ಯಾಹ್ನದವರೆಗೆ ಬಿಟ್ಟರೆ ಸಲಿಕೆ ನಾಟುವುದಿಲ್ಲ. ಎದೆಗೆ ಶ್ರಮ ಕೊಡುವ ಕೆಲಸ ಇದುವೇ. ಮನೆ ನೋಡಲು ಹೋದಾಗ ನೆರೆಯವರನ್ನು ಕೇಳಿ: ನಿಮ್ಮ ಡ್ರೈವ್‌ವೇಯನ್ನು ಯಾರು ತೆಗೆಯುತ್ತಾರೆ, ಅವರು ಹೊಸ ಗಿರಾಕಿಗಳನ್ನು ತೆಗೆದುಕೊಳ್ಳುತ್ತಾರೆಯೇ, ಕಾಲುದಾರಿಯನ್ನು ತೆರವು ಮಾಡುವ ಹೊಣೆ ನಗರದ್ದೋ ಮನೆಯವರದ್ದೋ. ಡ್ರೈವ್‌ವೇ ಚಿಕ್ಕದಿದ್ದಷ್ಟೂ, ಸಮತಟ್ಟಾಗಿದ್ದಷ್ಟೂ ನಿಮ್ಮ ಆಯುಸ್ಸಿಗೆ ಒಳ್ಳೆಯದು ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ. ಡುಲೂತ್‌ನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಆ ನಗರ ಸರೋವರದ ಅಂಚಿನಿಂದ ಬೆಟ್ಟದ ಮೇಲಕ್ಕೆ ಕಡಿದಾಗಿ ಏರುತ್ತದೆ, ಅಂಚಿಗೆ ಇಳಿಯುವ ಬೀದಿಯ ಮೇಲೆ ತೆಳುವಾದ ಮಂಜುಗಡ್ಡೆ ಕಟ್ಟಿದ ದಿನ ಕೈಗೋಲು ಹಿಡಿದವರು ಹೊರಗೆ ಕಾಲಿಡುವಂತಿಲ್ಲ.

ಚಳಿಗಿಂತಲೂ ಕತ್ತಲು ಮತ್ತು ತಡವಾಗಿ ಬರುವ ವಸಂತ ಹೆಚ್ಚು ಮಂದಿಯನ್ನು ಕುಗ್ಗಿಸುತ್ತವೆ. ಡಿಸೆಂಬರ್ ಕೊನೆಯಲ್ಲಿ ಡುಲೂತ್‌ಗೂ ಮಾರ್ಕ್ವೆಟ್‌ಗೂ ಹಗಲು ಸುಮಾರು ಎಂಟೂವರೆ ಗಂಟೆ ಮಾತ್ರ. ಹಗಲು ಸಮವಾಗಿದ್ದರೂ ಗಡಿಯಾರ ಬೇರೆ: ಡುಲೂತ್ ಸೆಂಟ್ರಲ್ ವೇಳೆಯಲ್ಲಿರುವುದರಿಂದ ಸಂಜೆ ನಾಲ್ಕೂಕಾಲು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಈಸ್ಟರ್ನ್ ವೇಳೆಯ ಪಶ್ಚಿಮ ತುದಿಯಲ್ಲಿರುವ ಮಾರ್ಕ್ವೆಟ್‌ನಲ್ಲಿ ಸಂಜೆ ಐದರವರೆಗೆ ಬೆಳಕಿದ್ದು, ಬೆಳಗ್ಗೆ ಎಂಟೂವರೆಯವರೆಗೆ ಕತ್ತಲಿರುತ್ತದೆ. ಬೆಳಗಿನ ನಡಿಗೆಯ ಅಭ್ಯಾಸವಿರುವವರಿಗೂ ಸಂಜೆಯ ಭೇಟಿಗಳನ್ನು ಇಷ್ಟಪಡುವವರಿಗೂ ಇದು ದಿನದಿನದ ವಿಷಯ, ಆದರೂ ಊರು ಆರಿಸುವಾಗ ಇದನ್ನು ಯೋಚಿಸುವವರು ಕಡಿಮೆ. ಮೇ ತಿಂಗಳಲ್ಲಿ ಒಳನಾಡಿನಲ್ಲಿ ಮರಗಳು ಚಿಗುರಿ ಜನ ತೋಳಿಲ್ಲದ ಅಂಗಿ ತೊಟ್ಟಿರುವಾಗ, ಡುಲೂತ್‌ನ ಹಡಗು ಕಾಲುವೆಯ ಬಳಿ ನಿಂತವರು ಪೂರ್ವದ ಗಾಳಿಗೆ ಕೋಟಿನ ಕಾಲರನ್ನು ಎತ್ತಿಕೊಂಡಿರುತ್ತಾರೆ. ಸರೋವರದ ಬಳಿ ಇನ್ನಷ್ಟು ತಂಪು ಎಂಬುದು ಅಲ್ಲಿನ ಹವಾಮಾನ ವರದಿಯ ಖಾಯಂ ಮಾತು. ಜುಲೈ ಬೇಗೆಯಲ್ಲಿ ವರವಾಗುವ ಆ ತಂಪು, ಚಳಿಗಾಲ ಮುಗಿಯಲೆಂದು ಕಾದು ಕುಳಿತವರಿಗೆ ಮೇ ತಿಂಗಳಿನಲ್ಲಿ ಭಾರವಾಗುತ್ತದೆ.

ನೀರಿನಂಚಿನ ಮನೆಯನ್ನೇ ಕೊಳ್ಳಬೇಕೆನ್ನುವವರು, ಸರೋವರದ ಮಟ್ಟ ಸ್ಥಿರವಲ್ಲ ಎಂಬುದನ್ನು ಅರಿತಿರಬೇಕು. ಮಿಚಿಗನ್–ಹ್ಯೂರಾನ್ ಸರೋವರಗಳ ನೀರು 2013ರ ಜನವರಿಯಲ್ಲಿ ದಾಖಲೆಯ ಕೆಳಮಟ್ಟಕ್ಕೆ ಇಳಿದಿತ್ತು; 2020ರ ಹೊತ್ತಿಗೆ ಅದಕ್ಕಿಂತ ಸುಮಾರು ಆರು ಅಡಿ ಮೇಲೇರಿ, ಆ ವರ್ಷದ ಮೊದಲ ಎಂಟು ತಿಂಗಳೂ ಆಯಾ ತಿಂಗಳ ದಾಖಲೆಯನ್ನು ಮುರಿಯಿತು. ಕೆಳಮಟ್ಟದ ವರ್ಷದಲ್ಲಿ ವಿಶಾಲವಾದ ಮರಳುದಂಡೆಯನ್ನು ನೋಡಿ ಕೊಂಡವರ ಎದುರಿನಲ್ಲಿಯೇ ದಂಡೆ ಮಾಯವಾಗಿ, ಅಲೆಗಳು ಮರಳುದಿಬ್ಬದ ಬುಡವನ್ನು ಕಿತ್ತವು. ಆದ್ದರಿಂದ ಮನೆಯಿಂದ ದಿಬ್ಬದ ಅಂಚಿಗೆ ಎಷ್ಟು ಅಡಿ ಎಂದು ಸ್ವತಃ ಅಳೆಯಿರಿ, 2020ರ ಬೇಸಿಗೆಯ ಚಿತ್ರಗಳನ್ನು ತೋರಿಸುವಂತೆ ಮಾರುವವರನ್ನು ಕೇಳಿ. ವಿಚಿತ್ರವೆಂದರೆ, ಸುಪೀರಿಯರ್ ತೀರದ ಊರುಗಳಲ್ಲಿ ಈಚಿನ ದೊಡ್ಡ ನೆರೆಗಳು ಬಂದದ್ದು ಎದುರಿನ ಸರೋವರದಿಂದಲ್ಲ, ಹಿಂದಿನ ಬೆಟ್ಟದಿಂದ: 2012ರ ಜೂನ್‌ನಲ್ಲಿ ಡುಲೂತ್‌ನಲ್ಲಿಯೂ 2018ರ ಜೂನ್‌ನಲ್ಲಿ ಕೀವೀನಾದ ಹಾಟನ್‌ನಲ್ಲಿಯೂ ಒಂದೇ ಸಮನೆ ಸುರಿದ ಮಳೆಗೆ ಇಳಿಜಾರಿನ ತೊರೆಗಳು ಉಕ್ಕಿ ರಸ್ತೆಗಳನ್ನೇ ಕೊಚ್ಚಿಕೊಂಡು ಹೋದವು. ಮನೆಯ ಸಾಮಾನ್ಯ ವಿಮೆ ನೆರೆಯ ಹಾನಿಯನ್ನು ಭರಿಸುವುದಿಲ್ಲ. ಕೇಂದ್ರ ಸರ್ಕಾರದ ನೆರೆ ವಿಮೆ ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವಷ್ಟೇ ಜಾರಿಗೆ ಬರುತ್ತದೆ. ಮನೆಯ ಹಿಂದೆ ಪುಟ್ಟ ತೊರೆಯೊಂದು ಜುಳುಜುಳು ಹರಿಯುತ್ತಿದ್ದರೆ ಅದರ ಚೆಲುವಿಗೆ ಮನಸೋಲುವ ಮೊದಲು ಇದನ್ನು ವಿಚಾರಿಸಿ. ನನ್ನ ಅಭಿಪ್ರಾಯದಲ್ಲಿ, ನಡೆದು ಹತ್ತು ನಿಮಿಷಕ್ಕೆ ಸಾರ್ವಜನಿಕ ದಂಡೆಗೆ ತಲುಪಬಹುದಾದ ಊರೊಳಗಿನ ಮನೆಯೇ ನಿವೃತ್ತರಿಗೆ ಮೇಲು: ಸರೋವರ ದಿನವೂ ಸಿಗುತ್ತದೆ, ಅದರ ಕೊರೆತ, ಗಾಳಿ, ತೆರಿಗೆ ಯಾವುದೂ ನಿಮ್ಮ ತಲೆಯ ಮೇಲಿರುವುದಿಲ್ಲ.

ಮನೆಯೊಳಗೆ ಹೊಕ್ಕಾಗ ಅಡುಗೆಮನೆಯ ಕಲ್ಲುಹಾಸನ್ನು ನೋಡುವ ಮೊದಲು ಹೊರಗೋಡೆ ಚಾವಣಿಯನ್ನು ಸೇರುವ ಮೂಲೆಗಳನ್ನು ತಲೆಯೆತ್ತಿ ನೋಡಿ. ಅಲ್ಲಿ ಚಹಾದ ಬಣ್ಣದ ಕಲೆಗಳಿದ್ದರೆ ಅದು ‘ಐಸ್ ಡ್ಯಾಮ್’ ಬಿಟ್ಟುಹೋದ ಗುರುತು: ಅಟ್ಟದಿಂದ ಸೋರಿದ ಬಿಸಿಗೆ ಛಾವಣಿಯ ಹಿಮ ಅಡಿಯಲ್ಲಿ ಕರಗಿ, ಆ ನೀರು ತಣ್ಣಗಿನ ಸೂರಂಚಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಕಟ್ಟೆ ಕಟ್ಟಿಕೊಳ್ಳುತ್ತದೆ, ಅದರ ಹಿಂದೆ ನಿಂತ ನೀರು ಹೆಂಚುಹಾಳೆಯ ಅಡಿ ನುಸುಳಿ ಒಳಗಿಳಿಯುತ್ತದೆ. ಕಲೆಗೆ ಬಣ್ಣ ಬಳಿದಿರಬಹುದು; ಅಟ್ಟದಲ್ಲಿ ಎಷ್ಟು ಇನ್ಸುಲೇಷನ್ ಇದೆ ಎಂಬುದನ್ನು ಮರೆಮಾಚಲಾಗದು, ಆದ್ದರಿಂದ ಪರೀಕ್ಷಕರನ್ನು ಅಟ್ಟ ಹತ್ತಿಸಿ. ಊರೊಳಗಿನ ಮನೆಗೆ ನೈಸರ್ಗಿಕ ಅನಿಲದ ಕೊಳವೆ ಇರುತ್ತದೆ. ಊರಾಚೆ ಹೋದಂತೆ ಪ್ರೊಪೇನ್ ಟ್ಯಾಂಕ್, ಸ್ವಂತ ಕೊಳವೆಬಾವಿ, ಸೆಪ್ಟಿಕ್ ಇವು ಬರುತ್ತವೆ, ವಿದ್ಯುತ್ ಹೋದರೆ ಬಾವಿಯ ಪಂಪೂ ನಿಲ್ಲುತ್ತದೆ. ಮಿಚಿಗನ್‌ನಲ್ಲಿ ಸೆಪ್ಟಿಕ್‌ಗೆ ರಾಜ್ಯವ್ಯಾಪಿ ಸಂಹಿತೆಯೇ ಇಲ್ಲ, ಕೌಂಟಿಯಿಂದ ಕೌಂಟಿಗೆ ನಿಯಮ ಬೇರೆ. ಹಾಗಾಗಿ ನಿಯಮ ಕೇಳದಿದ್ದರೂ ನೀವೇ ಪರೀಕ್ಷೆ ಮಾಡಿಸಿ. ಒಳನಾಡಿನ ಸಣ್ಣ ಕೆರೆಗಳ ಸುತ್ತ ಇರುವ ಮನೆಗಳ ರಸ್ತೆ ಖಾಸಗಿಯಾಗಿದ್ದರೆ ಕೌಂಟಿಯ ಪ್ಲೋ ಅಲ್ಲಿಗೆ ಬರುವುದಿಲ್ಲ, ಪ್ಲೋ ಬಾರದ ರಸ್ತೆಗೆ ಆಂಬುಲೆನ್ಸ್ ಕೂಡ ಬರಲಾರದು. ಕಳೆದ ಎರಡು ಚಳಿಗಾಲಗಳ ಬಿಸಿಯೂಡುವ ಬಿಲ್ಲುಗಳನ್ನು ಕೇಳಿ ಪಡೆಯಿರಿ.

ತೆರಿಗೆಯಲ್ಲಿ ಮಿಚಿಗನ್ ಹೊಸಬರನ್ನು ಒಂದು ವಿಷಯದಲ್ಲಿ ಬೆಚ್ಚಿಬೀಳಿಸುತ್ತದೆ. 1994ರ ‘ಪ್ರೊಪೋಸಲ್ ಎ’ ಎಂಬ ತೆರಿಗೆ ನಿಯಮದ ಪ್ರಕಾರ, ಒಬ್ಬರ ಒಡೆತನದಲ್ಲಿ ಇರುವಷ್ಟು ಕಾಲ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಹಣದುಬ್ಬರದಷ್ಟು ಅಥವಾ ಶೇಕಡ 5, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಏರಬಹುದು. ಮನೆ ಮಾರಾಟವಾದ ಮರುವರ್ಷ ಆ ಮಿತಿ ಕಳಚಿ, ಮಾರುಕಟ್ಟೆ ಬೆಲೆಯ ಅರ್ಧದಷ್ಟಕ್ಕೆ ಮೌಲ್ಯ ಜಿಗಿಯುತ್ತದೆ. ಇಪ್ಪತ್ತೈದು ವರ್ಷ ಅಲ್ಲಿದ್ದ ಮಾಲೀಕರು ತೋರಿಸುವ ತೆರಿಗೆ ರಸೀದಿ ನಿಮ್ಮದಾಗುವುದಿಲ್ಲ. ಇದಲ್ಲದೆ ಅದು ನಿಮ್ಮ ಮುಖ್ಯ ವಾಸದ ಮನೆಯೆಂದು ಅರ್ಜಿ ಹಾಕದಿದ್ದರೆ ಶಾಲಾ ತೆರಿಗೆಯ 18 ಮಿಲ್‌ವರೆಗೆ ಹೆಚ್ಚುವರಿ ಬೀಳುತ್ತದೆ: 4 ಲಕ್ಷ ಡಾಲರ್ ಮನೆಯ ಅರ್ಧ 2 ಲಕ್ಷ, ಅದರ ಮೇಲೆ ಸಾವಿರಕ್ಕೆ 18ರಂತೆ ವರ್ಷಕ್ಕೆ 3,600 ಡಾಲರ್. ಚಳಿಗಾಲವನ್ನು ಫ್ಲಾರಿಡಾದಲ್ಲಿ ಕಳೆದು ಅಲ್ಲಿಯೇ ವಿಳಾಸ ಮಾಡಿಕೊಳ್ಳಬೇಕೆಂದಿರುವವರು ಈ ಲೆಕ್ಕವನ್ನು ಮೊದಲೇ ಮಾಡಲಿ. ನಿವೃತ್ತರಿಗೆ ಕೇಂದ್ರ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ಹಣಕ್ಕೆ ಮಿಚಿಗನ್ ಮತ್ತು ವಿಸ್ಕಾನ್ಸಿನ್ ರಾಜ್ಯ ತೆರಿಗೆ ಹಾಕುವುದಿಲ್ಲ, ಮಿನ್ನೆಸೋಟ ಆದಾಯ ಹೆಚ್ಚಿರುವವರಿಗೆ ಹಾಕುತ್ತದೆ. 30 ಲಕ್ಷ ಡಾಲರ್ ಮೀರಿದ ಆಸ್ತಿಯನ್ನು ಬಿಟ್ಟುಹೋಗುವವರಿಗೆ ಮಿನ್ನೆಸೋಟದಲ್ಲಿ ಎಸ್ಟೇಟ್ ತೆರಿಗೆಯೂ ಇದೆ.

ಇಷ್ಟೆಲ್ಲ ಸರಿಯಿದ್ದರೂ ಜನರಿಲ್ಲದ ಊರಿನಲ್ಲಿ ಮುಪ್ಪು ಕಳೆಯುವುದು ಕಷ್ಟ. ಇದನ್ನು ತಿಳಿಯಲು ಸುಲಭವಾದ ಒಂದು ವಿಧಾನವಿದೆ. ಫೆಬ್ರವರಿಯ ಒಂದು ಮಂಗಳವಾರ, ಸಂಜೆ ಏಳಕ್ಕೆ, ನೀವು ಕೊಳ್ಳಬೇಕೆಂದಿರುವ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು, ದೀಪ ಉರಿಯುತ್ತಿರುವ ಮನೆಗಳನ್ನು ಎಣಿಸಿ. ಇಪ್ಪತ್ತು ಮನೆಗಳಲ್ಲಿ ನಾಲ್ಕರಲ್ಲಿ ಮಾತ್ರ ಬೆಳಕಿದ್ದರೆ ಉಳಿದವು ಬೇಸಿಗೆಯ ಮನೆಗಳೋ ವಾರದ ಬಾಡಿಗೆಯ ಮನೆಗಳೋ ಆಗಿರುತ್ತವೆ. ಮೆಟ್ಟಿಲ ಮೇಲೆ ಬಿದ್ದ ಹಿಮದಲ್ಲಿ ಹೆಜ್ಜೆಗುರುತೇ ಇರುವುದಿಲ್ಲ. ನೀವು ಜಾರಿ ಬಿದ್ದರೆ ಕೂಗು ಯಾರಿಗೂ ಕೇಳದು. ಮರುದಿನ ಗ್ರಂಥಾಲಯಕ್ಕೂ ಹಿರಿಯರ ಕೇಂದ್ರಕ್ಕೂ ಹೋಗಿ, ಸೂಚನಾ ಫಲಕದಲ್ಲಿ ಜನವರಿಯಿಂದ ಏಪ್ರಿಲ್‌ವರೆಗಿನ ಕಾರ್ಯಕ್ರಮಗಳು ಇವೆಯೇ ನೋಡಿ. ಕಾಲೇಜು ಇರುವ ಊರುಗಳಿಗೆ ಈ ವಿಷಯದಲ್ಲಿ ಸ್ಪಷ್ಟವಾದ ಮೇಲುಗೈ ಇದೆ: ನಾರ್ದರ್ನ್ ಮಿಚಿಗನ್ ವಿಶ್ವವಿದ್ಯಾಲಯವಿರುವ ಮಾರ್ಕ್ವೆಟ್, ಮಿನ್ನೆಸೋಟ ವಿಶ್ವವಿದ್ಯಾಲಯದ ಆವರಣವಿರುವ ಡುಲೂತ್ ಚಳಿಗಾಲದಲ್ಲಿಯೇ ಹೆಚ್ಚು ಜೀವಂತವಾಗಿರುತ್ತವೆ. ಅಮೆರಿಕದಲ್ಲಿ ದಶಕಗಳಿಂದ ನೆಲೆಸಿರುವ ನಮ್ಮವರು ಇನ್ನೊಂದನ್ನೂ ತೂಗಬೇಕು. ಡೆಟ್ರಾಯ್ಟ್ ಸುತ್ತಲಿನ ಪಂಪ ಕನ್ನಡ ಕೂಟದಂಥ ಬಳಗದಲ್ಲಿ ಮಾತು, ಹಬ್ಬ, ಊಟ ಎಲ್ಲ ಕಂಡುಕೊಂಡವರಿಗೆ ಟ್ರಾವರ್ಸ್ ಸಿಟಿಯಿಂದ ಅಲ್ಲಿಗೆ ಸುಮಾರು 250 ಮೈಲಿ. ಡುಲೂತ್‌ನಿಂದ ಮಿನ್ನಿಯಾಪೊಲಿಸ್ ಸುಮಾರು 150 ಮೈಲಿ. ಮಾರ್ಕ್ವೆಟ್‌ನಿಂದ ಡೆಟ್ರಾಯ್ಟ್ ಕಡೆಗೆ ಬರಬೇಕಾದರೆ ಐದು ಮೈಲಿ ಉದ್ದದ ಮ್ಯಾಕಿನಾ ಸೇತುವೆಯನ್ನು ದಾಟಬೇಕು, ಜೋರು ಗಾಳಿಗೂ ಮೇಲಿನ ತಂತಿಗಳಿಂದ ಮಂಜುಗಡ್ಡೆ ಬೀಳುವುದಕ್ಕೂ ಅದನ್ನು ಆಗಾಗ ಮುಚ್ಚುತ್ತಾರೆ.

ಊರುಗಳ ಹೆಸರನ್ನೇ ಹೇಳಿ ಎಂದರೆ, ನನ್ನ ತೀರ್ಮಾನ ಹೀಗಿದೆ. ಕಾರು ಓಡಿಸುವುದನ್ನು ಒಂದು ದಿನ ಬಿಡಲೇಬೇಕಾಗುತ್ತದೆ ಎಂಬುದನ್ನು ಒಪ್ಪಿಕೊಂಡವರಿಗೆ ಡುಲೂತ್ ಉತ್ತಮ: ನಗರದ ಬಸ್ಸುಗಳಿವೆ, ಆಸ್ಪತ್ರೆಗಳು ನಡುವಲ್ಲಿಯೇ ಇವೆ, ಬೆಟ್ಟದ ಇಳಿಜಾರನ್ನು ತಪ್ಪಿಸಿ ಸಮತಟ್ಟಾದ ಬಡಾವಣೆಯಲ್ಲಿ ಮನೆ ಹುಡುಕಬೇಕು ಅಷ್ಟೇ. ಹಿಮವನ್ನು ನಿಜಕ್ಕೂ ಪ್ರೀತಿಸಿ, ಚಿಕ್ಕ ಊರಿನ ಹತ್ತಿರತನವನ್ನು ಬಯಸುವವರಿಗೆ ಮಾರ್ಕ್ವೆಟ್. ಹವೆ ತುಸು ಸೌಮ್ಯವಾಗಿರಲಿ, ವಿಮಾನದ ಅನುಕೂಲವೂ ಇರಲಿ ಎನ್ನುವವರಿಗೆ ಟ್ರಾವರ್ಸ್ ಸಿಟಿ. ಸರೋವರ ಚಳಿಯನ್ನು ಮೆದುವಾಗಿಸುವುದರಿಂದಲೇ ಅಲ್ಲಿ ಚೆರ‍್ರಿ ತೋಟಗಳು ಬೆಳೆದದ್ದು, ಆದರೆ ಮನೆಗಳ ಬೆಲೆಯೂ ಬೇಸಿಗೆಯ ದಟ್ಟಣೆಯೂ ಸೌಮ್ಯವಲ್ಲ. ಪೆಟೊಸ್ಕಿ ಅದಕ್ಕಿಂತ ಚಿಕ್ಕದು, ಆಸ್ಪತ್ರೆ ಪೇಟೆಯ ಪಕ್ಕದಲ್ಲಿದೆ. ಬೇಫೀಲ್ಡ್, ಗ್ರಾಂಡ್ ಮರೇ ಇವೆರಡೂ ನನಗೆ ಅತ್ಯಂತ ಪ್ರಿಯವಾದ ಊರುಗಳಾದರೂ, ಎಪ್ಪತ್ತೈದು ದಾಟಿದವರಿಗೆ ಅಲ್ಲಿ ಮನೆ ಕೊಳ್ಳಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಬೇಸಿಗೆಯ ಎರಡು ತಿಂಗಳು ಬಾಡಿಗೆಗೆ ಹೋಗಿಬನ್ನಿ.

ಯಾವ ಊರನ್ನು ಆರಿಸಿದರೂ ಈಗಿರುವ ಮನೆಯನ್ನು ಮಾರುವ ಮೊದಲು ಅಲ್ಲಿ ಒಂದು ಪೂರ್ತಿ ಚಳಿಗಾಲ ಬಾಡಿಗೆಗಿರಿ. ಪ್ರವಾಸಿಗರ ಊರುಗಳಲ್ಲಿ ಇದಕ್ಕೊಂದು ಅನುಕೂಲವಿದೆ: ಬೇಸಿಗೆಯಲ್ಲಿ ವಾರದ ಲೆಕ್ಕದಲ್ಲಿ ದುಬಾರಿ ಬಾಡಿಗೆ ಪಡೆಯುವ ಮನೆಗಳನ್ನು ಮಾಲೀಕರು ಸೆಪ್ಟೆಂಬರ್‌ನಿಂದ ಮೇವರೆಗೆ ಸಾಮಾನ್ಯ ತಿಂಗಳ ಬಾಡಿಗೆಗೆ ಕೊಡುತ್ತಾರೆ, ಕೊಳವೆಗಳು ಹೆಪ್ಪುಗಟ್ಟದಂತೆ ಯಾರಾದರೂ ಮನೆಯಲ್ಲಿದ್ದರೆ ಅವರಿಗೂ ಒಳ್ಳೆಯದೇ. ಆ ತಿಂಗಳುಗಳಲ್ಲಿ ಪ್ರವಾಸಿಯಂತೆ ಇರಬೇಡಿ. ಹಲ್ಲಿನ ವೈದ್ಯರನ್ನು ಹುಡುಕಿ, ಕಾರಿಗೆ ಚಳಿಗಾಲದ ಟೈರು ಹಾಕಿಸಿ, ಗ್ರಂಥಾಲಯದ ಚೀಟಿ ಮಾಡಿಸಿ, ಹಿಮ ಬಿದ್ದ ಬೆಳಗಿನಲ್ಲಿ ಆಸ್ಪತ್ರೆಯವರೆಗೆ ಒಮ್ಮೆ ಹೋಗಿ ಬಂದು ಎಷ್ಟು ನಿಮಿಷವಾಯಿತೆಂದು ಬರೆದಿಡಿ. ದಂಪತಿಯಾಗಿದ್ದರೆ ಮಾರ್ಚ್ ಕೊನೆಯ ವಾರದಲ್ಲಿ, ಬೀದಿಯ ಅಂಚಿನಲ್ಲಿ ಕಪ್ಪಾದ ಹಿಮದ ರಾಶಿ ಇನ್ನೂ ಕರಗದೆ ಉಳಿದಿರುವಾಗ, ಇಲ್ಲಿ ನಾನೊಬ್ಬನೇ ಅಥವಾ ನಾನೊಬ್ಬಳೇ ಉಳಿದರೆ ಬದುಕಬಲ್ಲೆನೇ ಎಂಬ ಪ್ರಶ್ನೆಗೆ ಇಬ್ಬರೂ ಬೇರೆ ಬೇರೆ ಕಾಗದದಲ್ಲಿ ಉತ್ತರ ಬರೆದು, ಆಮೇಲೆ ಒಬ್ಬರದನ್ನು ಇನ್ನೊಬ್ಬರು ಓದಿ.